ಪದ ಪರಿಚಯ: ಪ್ರಾಣಿ ನೆರವಿನ ಚಿಕಿತ್ಸೆ

ಬೆಂಗಳೂರಿನಲ್ಲಿ ಈಗ 'ಪೆಟ್ ಥೆರಪಿ' ಅನ್ನೋ ಮಾತು ಜಾಸ್ತಿ ಕೇಳಿಬರುತ್ತಿದೆ. ನಾಯಿಗಳ ಜೊತೆ ಕೂತು ಕಾಫಿ ಕುಡಿಯುವುದಕ್ಕೂ ಅದೇ ಹೆಸರು, ಆಫೀಸಿಗೆ ಒಂದು ದಿನ ನಾಯಿಮರಿ ಕರೆತಂದರೂ ಅದೇ ಹೆಸರು. ಅದರಿಂದ ಮನಸ್ಸು ಹಗುರಾಗುತ್ತೆ, ನಿಜ. ಆದರೆ ಎಲ್ಲಕ್ಕೂ ಥೆರಪಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ನೊಂದವರು ಅದನ್ನೇ ನಂಬಿ ಹೋಗಿ ಬರಿಗೈಲಿ ವಾಪಸ್ ಬರಬಾರದು.

ಮನೋವೈದ್ಯರೋ ಆಪ್ತಸಮಾಲೋಚಕರೋ ಕೊಡುತ್ತಿರುವ ಚಿಕಿತ್ಸೆಯೊಳಗೆ ಪಳಗಿದ ಪ್ರಾಣಿಯೊಂದನ್ನು ಸೇರಿಸಿಕೊಳ್ಳುವುದೇ ಪ್ರಾಣಿ ನೆರವಿನ ಚಿಕಿತ್ಸೆ. ಗುರಿ ಏನು, ಎಷ್ಟು ಸುಧಾರಿಸಿದೆ ಎಂಬುದನ್ನು ಬರೆದಿಡುತ್ತಾರೆ. ಹೆಚ್ಚಾಗಿ ನಾಯಿ ಅಥವಾ ಕುದುರೆ, ಕೆಲವೆಡೆ ಮೊಲ.

ಇದಕ್ಕೆ ದಾರಿ ತೋರಿಸಿದ್ದು ಜಿಂಗಲ್ಸ್ ಅನ್ನೋ ನಾಯಿ. ಅಮೆರಿಕದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞರಾಗಿದ್ದ ಬೋರಿಸ್ ಲೆವಿನ್ಸನ್ ಅದನ್ನು ಸಾಕಿದ್ದರು. ಯಾರ ಜೊತೆಯೂ ಬೆರೆಯದ ಹುಡುಗನೊಬ್ಬ ಒಂದು ದಿನ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟ. ಕೋಣೆಯಲ್ಲೇ ಇದ್ದ ಜಿಂಗಲ್ಸ್ ಓಡಿಹೋಗಿ ಅವನನ್ನು ನೆಕ್ಕಿತು. ಹುಡುಗ ಹೆದರಲಿಲ್ಲ, ತಬ್ಬಿಕೊಂಡ. 1962ರಲ್ಲಿ ಲೆವಿನ್ಸನ್ ಒಂದು ಲೇಖನ ಬರೆದು, ನಾಯಿಯನ್ನು 'ಸಹ ಚಿಕಿತ್ಸಕ' ಎಂದು ಕರೆದರು.

ಮನಸ್ಸಿಗೆ ಆದ ಆಘಾತಕ್ಕೆ ಇದು ಹೇಗೆ ನೆರವಾಗುತ್ತೆ? ನಮ್ಮಜ್ಜಿಯಂದಿರು 'ಮಗು ಬೆಚ್ಚಿದೆ' ಅನ್ನುತ್ತಿದ್ದರಲ್ವಾ, ಆ ಬೆಚ್ಚಿದ್ದು ಇಳಿಯದೆ ಮೈಯಲ್ಲೇ ಉಳಿದುಬಿಟ್ಟರೆ ಹೇಗಿರುತ್ತೆ ನೋಡಿ. ಅಪಘಾತ ಆಗಿ ವರ್ಷ ಕಳೆದಿರುತ್ತೆ. ಆದರೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆದರೆ ಅಂಗೈ ಬೆವರುತ್ತೆ. ಸಮಾಲೋಚಕಿ "ಅವತ್ತು ಏನಾಯ್ತು?" ಅಂದರೆ ಬಾಯಿ ಕಟ್ಟುತ್ತೆ. ಆಗ ಕಾಲ ಬಳಿ ಒಂದು ಲ್ಯಾಬ್ರಡಾರ್ ಮಲಗಿದೆ ಅಂದುಕೊಳ್ಳಿ. ಅದು ಏನೂ ಕೇಳುವುದಿಲ್ಲ. ಕೈ ತಾನಾಗಿ ಅದರ ಕಿವಿ ಹಿಂದಕ್ಕೆ ಹೋಗುತ್ತೆ. ಬೆಚ್ಚಗಿನ ಮೈ, ಏರಿಳಿಯುವ ಪಕ್ಕೆ. ಮಾತು ಕಷ್ಟದ ಜಾಗಕ್ಕೆ ಬಂದಾಗ ಬೆರಳುಗಳು ಕೂದಲನ್ನು ಬಿಗಿಯಾಗಿ ಹಿಡಿಯುತ್ತವೆ. ಸಮಾಲೋಚಕಿ ಅದನ್ನು ನೋಡಿ, "ಸ್ವಲ್ಪ ಅದರ ಉಸಿರು ಎಣಿಸೋಣ್ವಾ?" ಅನ್ನುತ್ತಾರೆ. ನಾಲ್ಕು, ಐದು, ಆರು. ಬೆರಳು ಸಡಿಲವಾಗುತ್ತೆ. ಹೀಗೆ ನಾಯಿಯನ್ನು ಸವರುವಾಗ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿಯುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ.

ಕುದುರೆಯದು ಬೇರೆ ಬಗೆ. ಕಾಡಿನಲ್ಲಿ ಬೇಟೆಗೆ ಸಿಗುವ ಪ್ರಾಣಿ, ಹಾಗಾಗಿ ಸದಾ ಎಚ್ಚರ. ಎದುರಿನವರ ಮೈ ಬಿಗಿಯಾದರೆ ಅದೂ ಚಡಪಡಿಸುತ್ತೆ. ತನ್ನ ಒಳಗಿನ ಭಯ ಹೊರಗೆ ಹೇಗೆ ಕಾಣುತ್ತೆ ಅಂತ ಅಲ್ಲಿ ನಿಂತವರಿಗೆ ಗೊತ್ತಾಗುತ್ತೆ.

ಇದೊಂದೇ ಸಾಕಾಗುವುದಿಲ್ಲ. ಮಾತಿನ ಚಿಕಿತ್ಸೆ, ಬೇಕಾದಾಗ ಮಾತ್ರೆ, ಇವು ಮುಖ್ಯ. ಎಲ್ಲಿ ಶುರು ಮಾಡೋದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ಬೀದಿ ನಾಯಿ ಕಚ್ಚಿಸಿಕೊಂಡ ಮಕ್ಕಳು ನಮ್ಮೂರಲ್ಲಿ ಕಮ್ಮಿಯೇನಿಲ್ಲ. ಅಂಥ ಮಗುವಿನ ಮುಂದೆ ದಿಢೀರ್ ನಾಯಿ ತಂದು ನಿಲ್ಲಿಸಿದರೆ ಗಾಯ ಇನ್ನೂ ಆಳವಾಗುತ್ತೆ. ಮೊದಲು ಕೇಳಲೇಬೇಕು.

ನಾಯಿಯನ್ನೂ ಕೇಳಬೇಕು. ನಿದ್ದೆ ಬರದಿದ್ದರೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸುವುದು ಕಂಡರೆ ಅದಕ್ಕೆ ಸುಸ್ತಾಗಿದೆ, ಕಿರಿಕಿರಿಯಾಗಿದೆ ಅಂತ ತಿಳಿಯಬೇಕು. ಆಗ ಗಂಟೆ ಮುಗಿಯಲಿ ಅಂತ ಕಾಯದೆ, ಅದನ್ನು ಹೊರಗೆ ಕರೆದುಕೊಂಡು ಹೋಗಿ ನೀರು ಕೊಟ್ಟು ಮಲಗಲು ಬಿಡಬೇಕು.