ಏಜೆಂಟ್‌ಗೆ ಕಳಿಸುವ ಮುಂಚೆ ಕಾದಂಬರಿಗೆ ಕಾಪಿರೈಟ್ ಮಾಡಿಸಬೇಕಾ?

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಮುಗಿಸಿದ್ದೇನೆ. ಲಿಟರರಿ ಏಜೆಂಟ್‌ಗೆ, ಅಂದರೆ ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಕೊಡುವವರಿಗೆ, ಕಳಿಸಬೇಕು ಅಂತಿದ್ದೇನೆ. ಮೊದಲು ಕಾಪಿರೈಟ್ ಮಾಡಿಸಲೇಬೇಕಾ? ಕಥೆ ಕದ್ದುಬಿಟ್ಟರೆ ಏನು ಗತಿ?

ಬೇಕಾಗಿಲ್ಲ. ಕಳಿಸಿ.

ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ನಮ್ಮವರು ಧೈರ್ಯವಾಗಿ ಹೊರಗೆ ಕಳಿಸೋಣ ಅಂತ ಯೋಚಿಸುತ್ತಿರುವುದು ನನಗೆ ನಿಜಕ್ಕೂ ಸಂತೋಷ. ಆದರೆ "ಹೇಗೆ ಕಳಿಸಲಿ" ಅನ್ನುವುದಕ್ಕಿಂತ ಮೊದಲು "ಕದ್ದರೆ" ಬರುತ್ತದೆ. ಅದಕ್ಕೇ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಕಾಪಿರೈಟ್ ಅನ್ನುವುದು ಯಾವುದೋ ಆಫೀಸಿನಿಂದ ತರುವ ವಸ್ತು ಅಲ್ಲ. ನೀವು ವಾಕ್ಯ ಬರೆದಿರಿ, ಹಕ್ಕು ಹುಟ್ಟಿತು. ನಮ್ಮ 1957ರ ಕಾಪಿರೈಟ್ ಕಾಯ್ದೆ ಇರುವುದೇ ಹಾಗೆ. ನೀವು ಬದುಕಿರುವಷ್ಟು ದಿನ, ಆಮೇಲೆ ಇನ್ನೂ 60 ವರ್ಷ ಆ ಹಕ್ಕು ನಿಮ್ಮದು, ನಿಮ್ಮ ವಾರಸುದಾರರದು. ಲಂಡನ್ ಏಜೆಂಟ್‌ಗೆ ಕಳಿಸಿದರೂ ಅಷ್ಟೇ. ಒಂದು ದೇಶದ ಲೇಖಕರ ಹಕ್ಕನ್ನು ಉಳಿದ ಸದಸ್ಯ ದೇಶಗಳೂ ಕಾಪಾಡಬೇಕು ಅನ್ನುವ ಬರ್ನ್ ಒಪ್ಪಂದದಲ್ಲಿ ಭಾರತವೂ ಇದೆ, ಬ್ರಿಟನ್, ಅಮೆರಿಕ ಕೂಡ ಇವೆ.

ಹಾಗಾದರೆ ರಿಜಿಸ್ಟ್ರೇಷನ್ ಅಂತ ಇದೆಯಲ್ಲ? ಇದೆ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಮುಂದೆ ಜಗಳ ಕೋರ್ಟಿಗೆ ಹೋದರೆ ಆ ದಾಖಲೆ ಸಾಕ್ಷಿಗೆ ಬರುತ್ತದೆ. ಬೇಕಾದವರು ಮಾಡಿಸಲಿ, ತಪ್ಪಿಲ್ಲ. ಆದರೆ ಅದು ಇಲ್ಲದಿದ್ದರೆ ಹಕ್ಕೇ ಇಲ್ಲ ಅನ್ನುವುದು ಸುಳ್ಳು. ಕಾಯ್ದೆಯಲ್ಲೇ ರಿಜಿಸ್ಟ್ರೇಷನ್ ಐಚ್ಛಿಕ.

ಇನ್ನೊಂದು ನಂಬಿಕೆ ಇದಕ್ಕಿಂತ ಹಳೆಯದು. ಹಸ್ತಪ್ರತಿಯನ್ನು ಕವರಿಗೆ ಹಾಕಿ, ಅಂಟಿಸಿ, ನಮ್ಮ ವಿಳಾಸಕ್ಕೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡು, ಒಡೆಯದೆ ಇಟ್ಟುಕೊಂಡರೆ ಭದ್ರ ಅಂತ. ನಿವೃತ್ತ ಮೇಷ್ಟ್ರೊಬ್ಬರು ಅಂಥ ಒಂದು ಕವರು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಕಂದು ಬಣ್ಣದ ದಪ್ಪ ಕವರು, ಸುತ್ತ ದಾರ, ಮೂರು ಕಡೆ ಅರಗಿನ ಮುದ್ರೆ. ಅಂಚೆ ಮೊಹರಿನ ಮೇಲಿನ ತಾರೀಕು ಮಾಸಿಹೋಗಿ ಓದಲಿಕ್ಕೇ ಆಗುತ್ತಿರಲಿಲ್ಲ. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಒಳಗಿದ್ದದ್ದು ಮುಳುಗಡೆಯಾದ ಒಂದು ಊರಿನ ಕಥೆ, ಮುನ್ನೂರು ಹಾಳೆ. ಇದ್ದದ್ದು ಅದೊಂದೇ ಪ್ರತಿ. ಒಡೆದರೆ ಸಾಕ್ಷಿ ಹೋಗುತ್ತದೆ ಅಂತ ಹದಿನಾಲ್ಕು ವರ್ಷ ಯಾರಿಗೂ ಓದಲು ಕೊಟ್ಟಿರಲಿಲ್ಲ. ಸ್ವಂತ ಮಗಳಿಗೂ ಕೊಟ್ಟಿರಲಿಲ್ಲ! ಆ ಕವರಿಗೆ ನಮ್ಮ ಕಾಯ್ದೆಯಲ್ಲಿ ಯಾವ ಜಾಗವೂ ಇಲ್ಲ. ಅಂಟಿಸದ ಖಾಲಿ ಕವರನ್ನು ಕಳಿಸಿಕೊಂಡು, ಆಮೇಲೆ ಏನು ಬೇಕಾದರೂ ತುಂಬಬಹುದಲ್ವಾ? ಮೇಷ್ಟ್ರಿಗೆ ಅದನ್ನು ಹೇಳುವಾಗ ನನಗೇ ಸಂಕಟವಾಯಿತು. ಕವರನ್ನು ಅಲ್ಲೇ ಒಡೆದೆವು. ಮೊದಲ ಇಪ್ಪತ್ತು ಪುಟ ಅವತ್ತೇ ಓದಿದೆ. ಎಂಥ ಬರವಣಿಗೆ!

ಸರಿ, ಐಡಿಯಾ ಕದ್ದರೆ? ಐಡಿಯಾಕ್ಕೆ ಯಾರಿಗೂ ಕಾಪಿರೈಟ್ ಇಲ್ಲ. ಒಂದು ನಾಟಕಕ್ಕೂ ಒಂದು ಸಿನಿಮಾಕ್ಕೂ ಎದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ: ವಸ್ತು, ಕಲ್ಪನೆ ಯಾರ ಆಸ್ತಿಯೂ ಅಲ್ಲ, ಅದನ್ನು ನೀವು ಹೇಳಿದ ರೀತಿಗಷ್ಟೇ ರಕ್ಷಣೆ. ಅಂದರೆ ಐದುನೂರು ಕಟ್ಟಿ ರಿಜಿಸ್ಟರ್ ಮಾಡಿಸಿದರೂ ಐಡಿಯಾ ನಿಮ್ಮದಾಗುವುದಿಲ್ಲ.

ಏಜೆಂಟರ ಕಡೆಯಿಂದಲೂ ಒಂದು ಸಲ ಯೋಚಿಸಿ. ಅವರ ಸಂಪಾದನೆ ಕಮಿಷನ್. ಬ್ರಿಟನ್, ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ. 15, ವಿದೇಶಿ ಭಾಷೆಗಳಿಗೆ ಮಾರಿದರೆ ಶೇ. 20. ನಿಮ್ಮ ಪುಸ್ತಕ ಮಾರಾಟವಾದರೆ ಮಾತ್ರ ಅವರಿಗೆ ಕಾಸು. ಕಥೆ ಕದ್ದು ಏನು ಮಾಡುತ್ತಾರೆ? ತೊಂಬತ್ತು ಸಾವಿರ ಪದ ಕೂತು ಬರೆಯುವವರನ್ನು ಮತ್ತೆ ಹುಡುಕಬೇಕು. ಬರೆದವರು ನೀವು ಕಣ್ಣೆದುರಿಗೇ ಇದ್ದೀರಿ. ನಿಮ್ಮನ್ನು ಇಟ್ಟುಕೊಳ್ಳುವುದರಲ್ಲೇ ಅವರಿಗೆ ಲಾಭ. ಹುಷಾರಾಗಿರಬೇಕಾದ್ದು ಬೇರೆ ಕಡೆ. ಓದುವುದಕ್ಕೇ ಫೀಸು ಕೇಳುವವರು ಏಜೆಂಟರಲ್ಲ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಭಯದಿಂದ ಆಗುವ ನಷ್ಟ ಏನು ಗೊತ್ತಾ? ಸಿನಾಪ್ಸಿಸ್, ಅಂದರೆ ಕಥೆಯ ಸಾರಾಂಶ, ಹಾಳಾಗುತ್ತದೆ. ಏಜೆಂಟರು ಸಾಮಾನ್ಯವಾಗಿ ಕೇಳುವುದು ಮೂರೇ: ಒಂದು ಪುಟದ ಪತ್ರ, ಒಂದೆರಡು ಪುಟದ ಸಿನಾಪ್ಸಿಸ್, ಮೊದಲ ಮೂರು ಅಧ್ಯಾಯ ಅಥವಾ ಮೊದಲ ಐವತ್ತು ಪುಟ. ಒಬ್ಬೊಬ್ಬರದು ಒಂದೊಂದು ನಿಯಮ, ಅವರ ವೆಬ್‌ಸೈಟಿನಲ್ಲಿ ಓದಿಕೊಂಡು ಅದರಂತೆಯೇ ಕಳಿಸಿ. ನಮ್ಮವರು ಸಿನಾಪ್ಸಿಸ್‌ನಲ್ಲಿ ಕೊಲೆಗಾರನ ಹೆಸರು ಮುಚ್ಚಿಡುತ್ತಾರೆ. "ಕೊನೆಗೆ ಏನಾಯಿತು ಅನ್ನುವುದು ರೋಚಕ" ಅಂತ ಬರೆದು ನಿಲ್ಲಿಸುತ್ತಾರೆ. ಸಿನಾಪ್ಸಿಸ್ ಪುಸ್ತಕದ ಬೆನ್ನುಡಿಯಲ್ಲ. ಕಥೆಯನ್ನು ಕೊನೆ ಮುಟ್ಟಿಸಲು ನಿಮಗೆ ಬರುತ್ತದಾ ಅಂತ ನೋಡುವುದಕ್ಕೇ ಅದನ್ನು ಕೇಳುವುದು. ಯಾರು ಕೊಂದರು, ಯಾಕೆ ಕೊಂದರು, ಮದುವೆ ಮುರಿಯಿತಾ ಉಳಿಯಿತಾ, ಎಲ್ಲ ಬರೆಯಿರಿ. ಕಾದಂಬರಿ ಮಾತ್ರ ಪೂರ್ತಿ ಮುಗಿದಿರಬೇಕು. ಅರ್ಧ ಬರೆದು ಕಳಿಸಬೇಡಿ.

ಕನ್ನಡದಲ್ಲೇ ಬರೆದವರಿಗೆ ಏಜೆಂಟ್ ಬೇಕಿಲ್ಲ. ನಮ್ಮಲ್ಲಿ ಆ ಪದ್ಧತಿ ಬೆಳೆದಿಲ್ಲ, ನೇರ ಪ್ರಕಾಶಕರಿಗೇ ಕಳಿಸಿ. ಯೂನಿಕೋಡ್‌ನಲ್ಲಿ ಕಳಿಸಿ. ಹಳೇ ನುಡಿ ಅಕ್ಷರದ ಫೈಲು ಅವರ ಕಂಪ್ಯೂಟರಿನಲ್ಲಿ ಎಷ್ಟೋ ಸಲ ಅರ್ಥವಿಲ್ಲದ ಗೀಚುಗಳಾಗಿ ತೆರೆದುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹಕ್ಕು ಕಳ್ಳತನದಿಂದ ಹೋಗುವುದಕ್ಕಿಂತ ಜಾಸ್ತಿ ಹೋಗುವುದು ನಾವೇ ಹಾಕಿದ ಸಹಿಯಿಂದ. ಮೊದಲ ಪುಸ್ತಕದ ಖುಷಿಯಲ್ಲಿ ಕರಾರು ಓದುವವರು ಕಡಿಮೆ. "ಎಲ್ಲ ಭಾಷೆಗಳ ಅನುವಾದ, ಸಿನಿಮಾ, ಧಾರಾವಾಹಿ ಸೇರಿದಂತೆ ಸಕಲ ಹಕ್ಕು" ಅಂತ ಒಂದು ಸಾಲಿರುತ್ತದೆ. ಹತ್ತು ವರ್ಷ ಕಳೆದು ಯಾರೋ ಅನುವಾದಕರು ಪ್ರೀತಿಯಿಂದ ಬಂದು ಕೇಳಿದಾಗ, ಕೊಡುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಏಜೆಂಟರೂ ಮೊದಲು ಕೇಳುವುದು ಅದನ್ನೇ: ಅನುವಾದದ ಹಕ್ಕು ಯಾರ ಹತ್ತಿರ ಇದೆ?

ಬಾಯಿಮಾತಿನಲ್ಲೇ ಪುಸ್ತಕ ಬಂದಿದ್ದರೆ ಗಾಬರಿ ಬೇಡ. ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು, ಸಹಿ ಇರಬೇಕು ಅನ್ನುತ್ತದೆ ಕಾಯ್ದೆಯ 19ನೇ ಕಲಮು. ಕರಾರಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಅಂತ ಅರ್ಥ. ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹೊಸದಾಗಿ ಸಹಿ ಹಾಕುವವರು ಕನ್ನಡದ ಮುದ್ರಣದ ಹಕ್ಕನ್ನಷ್ಟೇ ಕೊಡಿ, ಉಳಿದದ್ದನ್ನು ಹೆಸರು ಹೇಳಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಜೊತೆಗೆ ಈ ಒಂದು ಸಾಲು ಸೇರಿಸಲು ಕೇಳಿ: "ಪ್ರತಿಗಳು ಮುಗಿದು ಒಂದು ವರ್ಷದೊಳಗೆ ಮರುಮುದ್ರಣ ಆಗದಿದ್ದರೆ ಹಕ್ಕು ಲೇಖಕರಿಗೆ ಹಿಂದಿರುಗುತ್ತದೆ." ಮೇಷ್ಟ್ರ ಕರಾರಿನಲ್ಲಿ ಅದನ್ನು ಮಗಳೇ ಕೂತು ಬರೆಸಿದಳು.