ಏಕಾದಶಿಯ ದಿನ ಊಟ ಬೇಡ ಅಂದರೆ

ದೊಡ್ಡಾಯಿಗೆ 78 ವರ್ಷ. ಶಿರಸಿ ಕಡೆಯ ಅಡಿಕೆ ತೋಟದ ಮನೆ. ಹೋದ ಆಷಾಢದಲ್ಲಿ ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ಎದ್ದು ಕೂತು, ತೀರಿಹೋದ ದೊಡ್ಡಪ್ಪನನ್ನು ಕರೆಯಲು ಶುರುಮಾಡಿದಳು. ದೂರದ ಪೇಟೆಯ ಆಸ್ಪತ್ರೆಯೊಂದರ ಮನೋರೋಗ ವಾರ್ಡಿಗೆ ಸೇರಿಸಿದೆವು. ಮೂರನೇ ದಿನ ಕೇಸ್ ಶೀಟಿನಲ್ಲಿ ಒಂದು ಸಾಲು ಕಂಡಿತು: ಊಟ ನಿರಾಕರಿಸುತ್ತಿದ್ದಾರೆ.

ಅವತ್ತು ಏಕಾದಶಿ. "ಊಟ ಇಲ್ಲೆ, ಏಕಾದಶಿ ಅಲ್ದಾ" ಎಂದು ಅವಳು ಹೇಳಿದ್ದು ನರ್ಸಿಗೆ ಅರ್ಥವಾಗಿರಲಿಲ್ಲ. ಸಂಜೆ ಒಂದು ಗುಳಿಗೆ ಜಾಸ್ತಿಯಾಯಿತು.

ನರ್ಸಮ್ಮನನ್ನು ದೂರಿ ಪ್ರಯೋಜನವಿಲ್ಲ, ಅವರೊಬ್ಬರಿಗೆ ಇಡೀ ವಾರ್ಡು. ಆದರೆ ವಯಸ್ಸಾದವರ ಮನೋರೋಗ ವಾರ್ಡು ಚೆನ್ನಾಗಿದೆ ಅಂತ ಏನನ್ನು ನೋಡಿ ಹೇಳುವುದು? ಕ್ಲೀನಾಗಿತ್ತು, ಡಾಕ್ಟರು ಒಳ್ಳೆಯವರು, ಪೇಷಂಟ್ ಈಗ ಸುಮ್ನೆ ಇರ್ತಾರೆ ಅನ್ನುತ್ತೇವೆ. ಈ ಮೂರನೆಯದರ ಮೇಲೆಯೇ ನನಗೆ ಅನುಮಾನ.

ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅಲ್ಲಿ ಏನೇನಿದೆ, ಏನೇನು ಮಾಡಿದರು, ಕೊನೆಗೆ ಏನಾಯಿತು ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡಿ ಅಂದರು. ಹಾಸಿಗೆ, ಸಿಬ್ಬಂದಿ ಎಣಿಸುವುದು ಸುಲಭ. ಕಷ್ಟವಿರುವುದು ಉಳಿದೆರಡರಲ್ಲಿ.

ಮೊದಲು 'ಏನು ಮಾಡಿದರು'. ವಯಸ್ಸಾದವರಿಗೆ ದಿಢೀರನೆ ತಲೆ ಗೊಂದಲವಾದರೆ ಅದು ಹುಚ್ಚೂ ಅಲ್ಲ, ಅರಳು ಮರಳೂ ಅಲ್ಲದಿರಬಹುದು. ಡಿಲೀರಿಯಂ ಇರಬಹುದು. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಯಾವುದೋ ಗುಳಿಗೆ, ಯಾವುದರಿಂದಲೂ ಬರಬಹುದು. ದಿನದಲ್ಲೇ ಏರಿಳಿಯುವುದು ಅದರ ಗುರುತು. ರಾತ್ರಿ ದೊಡ್ಡಪ್ಪನನ್ನು ಕರೆಯುವವಳು ಹಗಲಿಗೆ ತಿಥಿ ಸರಿಯಾಗಿ ಹೇಳುತ್ತಿದ್ದಳಲ್ಲ, ಹಾಗೆ. ಒಂಬತ್ತನೇ ದಿನ ಬೇರೊಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, ತೀರಾ ಇಳಿದಿತ್ತು. ಬಿಪಿಗೆಂದು ತಗೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಗುಳಿಗೆಯ ಕೆಲಸ ಅದು. ಆ ಪರೀಕ್ಷೆ ಎಷ್ಟನೇ ದಿನ ಆಯಿತು ಅನ್ನುವುದೇ ವಾರ್ಡಿಗೆ ಹಾಕಬಹುದಾದ ಒಂದು ಅಳತೆ.

ಇನ್ನೊಂದು ಅಳತೆಗೆ ಖರ್ಚೇ ಇಲ್ಲ. ಮಲಗಿಸಿ ಬಿಪಿ ನೋಡುವುದು, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬೀಳುವ ಅಪಾಯ. ಮನೋರೋಗದ ಹಲವು ಔಷಧಗಳು ಹೀಗೆ ಬಿಪಿ ಇಳಿಸುತ್ತವೆ, ಕೈಕಾಲು ಬಿಗಿ ಮಾಡುತ್ತವೆ. ಡಿಮೆನ್ಷಿಯಾ, ಅಂದರೆ ಅರಳು ಮರಳು, ಇರುವ ವೃದ್ಧರಲ್ಲಿ ಭ್ರಮೆ, ಉದ್ರೇಕ ತಗ್ಗಿಸಲು ಕೊಡುವ ಕೆಲವು ಆಂಟಿಸೈಕೋಟಿಕ್ ಔಷಧಗಳಿಂದ ಸಾವಿನ ಅಪಾಯ 1.6ರಿಂದ 1.7 ಪಟ್ಟಾಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಬೇಕಾದಾಗ ಕೊಡಲೇಬೇಕು, ಸರಿ. ಯಾಕೆ, ಎಷ್ಟು ದಿನಕ್ಕೆ ಅಂತ ಬರೆದಿರಬೇಕು, ಅಷ್ಟೇ. ಕಟ್ಟಿಹಾಕುವುದಕ್ಕಂತೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಡಿವಾಣವಿದೆ. ಸಿಬ್ಬಂದಿ ಕಡಿಮೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

'ಕೊನೆಗೆ ಏನಾಯಿತು' ಅನ್ನುವುದು ಇನ್ನೂ ಜಾರುವ ಜಾಗ. ಬ್ರಿಟನ್ನಿನಲ್ಲಿ ವೃದ್ಧರಿಗೆಂದೇ, ರೋಗಿಯ ತೊಂದರೆ ಎಷ್ಟಿದೆ ಎಂದು ಅಳೆಯುವ ಹೋನೋಸ್ 65+ ಎಂಬ ಪಟ್ಟಿ ಇದೆ. 12 ವಿಷಯ, ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಸೇರುವಾಗೊಮ್ಮೆ, ಹೊರಡುವಾಗೊಮ್ಮೆ ಹಾಕಿ ಹೋಲಿಸಬಹುದು. ಆದರೆ ಹೆಚ್ಚು ಕಷ್ಟದ ರೋಗಿಗಳನ್ನು ಸೇರಿಸಿಕೊಳ್ಳುವ ವಾರ್ಡಿನ ಅಂಕ ಕೆಟ್ಟದಾಗಿಯೇ ಕಾಣಬಹುದು. ಕೊಳೆರೋಗ ಬಂದ ತೋಟದ ಫಸಲನ್ನು ಬಾರದ ತೋಟದ ಜೊತೆ ತೂಗಿದ ಹಾಗೆ.

ನೆನಪಿನ ಪರೀಕ್ಷೆಯಲ್ಲೂ ಇದೇ ತಾಪತ್ರಯ. 1975ರಲ್ಲಿ ಬಂದ 30 ಅಂಕದ ಎಂಎಂಎಸ್ಇ ಪರೀಕ್ಷೆ ತಾರೀಖು ಕೇಳುತ್ತದೆ, ನೂರರಿಂದ ಏಳೇಳು ಕಳೆಯಲು ಹೇಳುತ್ತದೆ. ಶಾಲೆ ಮೆಟ್ಟಿಲು ಹತ್ತದ ದೊಡ್ಡಾಯಿಗೆ ತಾರೀಖು ಯಾತಕ್ಕೆ? ಚೌತಿಗೆ ಎಷ್ಟು ದಿನ ಅಂತ ಕೇಳಿದ್ದರೆ ತಟ್ಟನೆ ಹೇಳುತ್ತಿದ್ದಳು. ಹರಿಯಾಣದ ಬಲ್ಲಭಗಢದ ಸುತ್ತಲಿನ ಓದುಬರಹ ಬಾರದ ವೃದ್ಧರಿಗಾಗಿ 1995ರಲ್ಲಿ ಹಿಂದಿಯಲ್ಲಿ ಇದನ್ನು ಹೊಸದಾಗಿ ಹೊಂದಿಸಿದ್ದು ಸುಮ್ನೆ ಅಲ್ಲ.

ಹದಿನಾರನೇ ದಿನ ಡಿಸ್ಚಾರ್ಜ್ ಆಯಿತು. ಹಾಳೆಯಲ್ಲಿ 'ಸುಧಾರಿಸಿದ್ದಾರೆ' ಎಂದಿತ್ತು, ಸುಳ್ಳೇನಲ್ಲ. ಈಗ ರಾತ್ರಿ ನಿದ್ದೆ ಮಾಡುತ್ತಾಳೆ, ಏಕಾದಶಿಯನ್ನೂ ಬಿಟ್ಟಿಲ್ಲ. ಬಚ್ಚಲಿಗೆ ಹೋಗುವಾಗ ಮಾತ್ರ ಗೋಡೆ ಹಿಡಿದೇ ನಡೆಯುತ್ತಾಳೆ. ಆಸ್ಪತ್ರೆಗೆ ಹೋಗುವ ಮೊದಲು ಹಿಡಿಯುತ್ತಿರಲಿಲ್ಲ. ಅದನ್ನು ಬರೆಯಲು ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.