ಮುನ್ನೂರು ಹೊಡೆದರೂ ಜಾಗ ಇರಲಿಲ್ಲ

ಮದುವೆ ಊಟಕ್ಕೆ ಕೂತರೆ ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಸಾರ್, ನೀವು ಕ್ರಿಕೆಟ್ ಸೆಲೆಕ್ಟರ್ ಆಗಿದ್ರಲ್ವಾ? ಟೆಸ್ಟ್‌ನಲ್ಲಿ ಮುನ್ನೂರು ಹೊಡೆದ ನಮ್ಮ ಕರ್ನಾಟಕದ ಕರುಣ್ ನಾಯರ್‌ನ ಯಾಕೆ ಹೊರಗೆ ಕೂರಿಸಿದ್ರು?"

ನಾನು ಆಗಿದ್ದು ಚಿಕ್ಕ ಹುಡುಗರ ತಂಡದ ಸೆಲೆಕ್ಟರ್, ಅದೂ ಮೂರೇ ಸೀಸನ್. ರಾಷ್ಟ್ರೀಯ ತಂಡದ ಸಭೆ ನಡೆಯುವ ಕೋಣೆಯ ಬಾಗಿಲನ್ನೂ ಕಂಡವನಲ್ಲ. ಆದರೂ ಹಾಳೆ ಮುಂದಿಟ್ಟುಕೊಂಡು ಹದಿನೈದು ಹೆಸರು ಬರೆಯುವ ಸಂಕಟ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಭೆಯಲ್ಲಿ ಮೊದಲು ಹಾಳೆಯ ಮೇಲೆ ಬೀಳುವುದು ಜಾಗಗಳು. ಹೆಸರು ಆಮೇಲೆ. ಓಪನರ್ ಇಬ್ಬರು, ಮೂರನೇ ಕ್ರಮಾಂಕ, ಕೀಪರ್, ಹೊಸ ಚೆಂಡಿಗೆ ಇಬ್ಬರು, ಹೀಗೆ. ಹದಿನೈದರಲ್ಲಿ ಹತ್ತು ಹನ್ನೊಂದು ಹೆಸರು ಚಹಾ ಬರುವುದರೊಳಗೆ ತುಂಬಿಬಿಡುತ್ತವೆ. ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಹಾ ಆರಿಹೋಗುವುದು ಉಳಿದ ನಾಲ್ಕು ಹೆಸರಿಗೆ. ಮೂರನೇ ಓಪನರ್ ಯಾರು? ಎರಡನೇ ಕೀಪರ್ ಬ್ಯಾಟ್ಸ್‌ಮನ್ ಆಗಿಯೂ ಆಡಬಲ್ಲನಾ? ಇನ್ನೊಬ್ಬ ಸ್ಪಿನ್ನರ್ ಬೇಕಾ, ಬೇಡವಾ? ಈ ಪ್ರಶ್ನೆಗಳಿಗೆ ಉತ್ತರವಾಗದ ಆಟಗಾರ ಎಷ್ಟೇ ರನ್ ಹೊಡೆದಿರಲಿ, ಹಾಳೆಯ ಹೊರಗೇ ನಿಲ್ಲುತ್ತಾನೆ.

ಈಗ ಕರುಣ್ ವಿಷಯಕ್ಕೆ ಬನ್ನಿ. 2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅದು ಅವರ ಮೂರನೇ ಟೆಸ್ಟ್ ಅಷ್ಟೇ. ಸೆಹ್ವಾಗ್ ಬಿಟ್ಟರೆ ಭಾರತದ ಪರ ಮುನ್ನೂರು ದಾಟಿದ ಇನ್ನೊಬ್ಬರೇ ಇವರು. ಆದರೆ ಅವರು ಕೂತಿದ್ದು ಅಜಿಂಕ್ಯ ರಹಾನೆಯ ಕುರ್ಚಿಯಲ್ಲಿ. ರಹಾನೆ ಬೆರಳಿಗೆ ಪೆಟ್ಟಾಗಿ ಹೊರಗಿದ್ದರು. ಎರಡು ತಿಂಗಳ ನಂತರ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟ್ ಬಂತು. ರಹಾನೆ ವಾಪಸ್. ಜೊತೆಗೆ ಕ್ಯಾಪ್ಟನ್ ಕೊಹ್ಲಿ ಐದು ಬೌಲರ್‌ಗಳ ತಂಡ ಇಳಿಸಿದರು. ಐದು ಬೌಲರ್ ಎಂದರೆ ಬ್ಯಾಟ್ಸ್‌ಮನ್‌ಗೆ ಒಂದು ಜಾಗ ಕಡಿಮೆ. ರಹಾನೆಯ ಎರಡು ವರ್ಷದ ದುಡಿಮೆಯನ್ನು ಒಂದು ಪಂದ್ಯದಿಂದ ಅಳಿಸಲಾಗದು ಎಂಬುದು ಕೊಹ್ಲಿಯ ವಾದ. ಮುನ್ನೂರು ಹೊಡೆದವರು ಬೆಂಚಿನಲ್ಲಿ ಕೂತರು.

ಇಲ್ಲೇ ಜನ ಎಡವುವುದು. ಆ ದಿನ ಕರುಣ್ ತಂಡದಲ್ಲಿದ್ದರು, ಆಡುವ ಹನ್ನೊಂದರಲ್ಲಿ ಇರಲಿಲ್ಲ. ಸೆಲೆಕ್ಟರ್‌ಗಳ ಕೆಲಸ ಹದಿನೈದು ಹದಿನಾರು ಜನರನ್ನು ಆರಿಸಿ ಕೊಡುವುದು. ಅದರಿಂದ ಹನ್ನೊಂದನ್ನು ಹೆಕ್ಕುವುದು ಕ್ಯಾಪ್ಟನ್ ಮತ್ತು ಕೋಚ್. 2018ರ ಇಂಗ್ಲೆಂಡ್ ಪ್ರವಾಸದಲ್ಲೂ ಇದೇ ಆಯಿತು. ಕರುಣ್ ಶುರುವಿನಿಂದ ಅಲ್ಲಿದ್ದರು. ಕೊನೆಯ ಎರಡು ಟೆಸ್ಟ್‌ಗೆಂದು ಕರೆಸಿಕೊಂಡ ಹನುಮ ವಿಹಾರಿ ಓವಲ್‌ನಲ್ಲಿ ಆಡಿದರು. ಬೈಗುಳ ಮಾತ್ರ ಸೆಲೆಕ್ಟರ್‌ಗಳಿಗೆ ಬಿತ್ತು. ಅವರ ಪೆನ್ನು ಓಡಿದ್ದು ಅದರ ಮುಂದಿನ ಸರಣಿಗೆ. ವೆಸ್ಟ್ ಇಂಡೀಸ್ ವಿರುದ್ಧದ ತಂಡದಿಂದ ಕರುಣ್ ಹೋದರು, ನಮ್ಮವರೇ ಆದ ಮಯಂಕ್ ಅಗರ್ವಾಲ್ ಬಂದರು.

ಮಯಂಕ್ ಕತೆಯೂ ಕುರ್ಚಿಯದ್ದೇ. 2017-18ರಲ್ಲಿ ರಾಜ್ಯ ತಂಡಗಳ ರಣಜಿ ಟೂರ್ನಿಯಲ್ಲಿ 1160 ರನ್ ಹೊಡೆದಿದ್ದರು, ಮಹಾರಾಷ್ಟ್ರದ ಮೇಲೆ ಔಟಾಗದೆ 304 ಸೇರಿ. ತಂಡಕ್ಕೆ ಬಂದರೂ ಆಡಲಿಲ್ಲ. ಆಸ್ಟ್ರೇಲಿಯಾ ಪ್ರವಾಸಕ್ಕೆ ಮೊದಲ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಲ್ಲಿ ಪೃಥ್ವಿ ಶಾ ಪಾದದ ಕೀಲು ತಿರುಚಿಕೊಂಡರು, ಇದ್ದ ಓಪನರ್‌ಗಳು ರನ್ ಹೊಡೆಯಲಿಲ್ಲ. ಆಮೇಲೆ ವಿಮಾನ ಹತ್ತಿದ ಮಯಂಕ್ ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ 76 ಹೊಡೆದರು. ಯಾರದೋ ಪಾದದ ಪೆಟ್ಟು ಇನ್ಯಾರದೋ ಅದೃಷ್ಟ.

ಕುರ್ಚಿ ಖಾಲಿಯೇ ಆಗದವರೂ ಇದ್ದಾರೆ. ಹರಿಯಾಣದ ರಾಜಿಂದರ್ ಗೋಯೆಲ್ ರಣಜಿಯಲ್ಲಿ 637 ವಿಕೆಟ್ ತೆಗೆದರು. ಒಂದೇ ಒಂದು ಟೆಸ್ಟ್ ಆಡಲಿಲ್ಲ. ಅವರೂ ಎಡಗೈ ಸ್ಪಿನ್ನರ್, ಅದೇ ಕಾಲದಲ್ಲಿ ಭಾರತ ತಂಡದಲ್ಲಿದ್ದ ಬಿಷನ್ ಸಿಂಗ್ ಬೇಡಿಯೂ ಎಡಗೈ ಸ್ಪಿನ್ನರ್. ಇದಕ್ಕೆ ಯಾವ ಸೆಲೆಕ್ಟರ್ ಏನು ಮಾಡಿಯಾನು?

ರಾಷ್ಟ್ರೀಯ ತಂಡದ ಆಯ್ಕೆ ಸಮಿತಿಯಲ್ಲಿ ಯಾರಿರುತ್ತಾರೆ ಅನ್ನುವುದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಐದು ಮಂದಿ ಮಾಜಿ ಆಟಗಾರರು. ಕನಿಷ್ಠ 7 ಟೆಸ್ಟ್ ಅಥವಾ ರಣಜಿಯಂಥ 30 ಪ್ರಥಮ ದರ್ಜೆ ಪಂದ್ಯ ಆಡಿರಬೇಕು, ಇಲ್ಲವೇ 10 ಏಕದಿನದ ಜೊತೆ 20 ಪ್ರಥಮ ದರ್ಜೆ ಪಂದ್ಯ. ನಿವೃತ್ತರಾಗಿ ಐದು ವರ್ಷ ಆಗಿರಬೇಕು. ಹಿಂದೆ ವಲಯಕ್ಕೊಬ್ಬರು ಎಂಬ ಪದ್ಧತಿ ಇತ್ತು. ಆಗ 'ನಿಮ್ಮ ಹುಡುಗನಿಗೆ ನಾನು ಹ್ಞೂಂ ಅಂತೀನಿ, ನಮ್ಮವನಿಗೆ ನೀವು ಅನ್ನಿ' ಅನ್ನುವ ವ್ಯವಹಾರದ ದೂರು ಜಾಸ್ತಿ ಇತ್ತು. ಕ್ಯಾಪ್ಟನ್, ಕೋಚ್ ಮಾತು ಕೇಳುತ್ತಾರೆ, ಅವರಿಗೆ ಮತ ಇಲ್ಲ. ಮತ ಇಲ್ಲದಿದ್ದರೂ ಗಟ್ಟಿ ಕ್ಯಾಪ್ಟನ್ ಬೇಡ ಅಂದವನನ್ನು ಕಟ್ಟಿ ಕಳಿಸಿದರೆ ಏನಾಗುತ್ತದೆ? ಅವನು ಪ್ರವಾಸ ಪೂರ್ತಿ ನೀರಿನ ಬಾಟಲಿ ಹೊರುತ್ತಾನೆ ಅಷ್ಟೇ.

ರಣಜಿಯಲ್ಲಿ 38 ತಂಡ, ಸೆಲೆಕ್ಟರ್ ಐದೇ ಜನ. ಎಲ್ಲವನ್ನೂ ಕಣ್ಣಾರೆ ನೋಡಲು ಆಗುವುದಿಲ್ಲ. ಸ್ಕೋರ್‌ಕಾರ್ಡ್ ನೋಡುತ್ತಾರೆ, ವಿಡಿಯೋ ನೋಡುತ್ತಾರೆ, ಅಂಪೈರ್‌ಗಳನ್ನು ಕೇಳುತ್ತಾರೆ. ಸ್ಕೋರ್‌ಕಾರ್ಡ್ ಎಷ್ಟು ಸುಳ್ಳು ಹೇಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ, ಚೆಂಡು ಹಾವಿನ ಹಾಗೆ ಹೊರಳುತ್ತಿತ್ತು. ಒಬ್ಬ ಹುಡುಗ ಎರಡು ಗಂಟೆ ನಿಂತು 31 ಹೊಡೆದ. ಹೊರಗೆ ಹೋಗುವ ಚೆಂಡನ್ನು ಎಷ್ಟು ತಡವಾಗಿ ಬಿಡುತ್ತಿದ್ದ ಅಂದರೆ, ಕೀಪರ್ ಎರಡು ಸಲ ಸುಮ್ನೆ ಕೈ ಎತ್ತಿ ಅಪೀಲ್ ಮಾಡಿದ. ಮಾರನೇ ದಿನ ಬಿಸಿಲಿಗೆ ಪಿಚ್ ರೊಟ್ಟಿ ಹಂಚಿನಂತಾಯಿತು, ಇನ್ನೊಬ್ಬ 140 ಬಾರಿಸಿದ. ನನ್ನ ನೋಟ್‌ಬುಕ್ಕಿನಲ್ಲಿ 31ರ ಪಕ್ಕ ಎರಡು ಗೆರೆ ಎಳೆದಿದ್ದೆ. ಸಭೆಯಲ್ಲಿ ಕೂತಾಗ 140 ಎಂದು ಓದಿದೆವು, ಎಲ್ಲರೂ ತಲೆ ಆಡಿಸಿದೆವು, ನಾನೂ ಆಡಿಸಿದೆ. ಗೇಟಿನ ಬಳಿ ಆ ಮೊದಲ ಹುಡುಗನ ಅಪ್ಪ ಸ್ಕೂಟರ್ ಹಿಡಿದು ನಿಂತಿದ್ದರು. ಏನೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಿಬಿಡಬಹುದಿತ್ತು.

ಕರುಣ್‌ಗೆ ಎರಡನೇ ಬಾಗಿಲು ತೆರೆದದ್ದು 2025ರಲ್ಲಿ. ಆಗ ಕರ್ನಾಟಕ ಬಿಟ್ಟು ವಿದರ್ಭದ ಪರ ಆಡುತ್ತಿದ್ದರು. ರಣಜಿಯಲ್ಲಿ 863 ರನ್, ದೇಶಿ ಏಕದಿನ ಟೂರ್ನಿ ವಿಜಯ್ ಹಜಾರೆಯಲ್ಲಿ 779. ಆದರೆ ರನ್ ಒಂದೇ ಸಾಕಾಗಿರಲಿಲ್ಲ ಅಂತ ನನ್ನ ಲೆಕ್ಕ. ಆ ಬೇಸಿಗೆಯಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಟೆಸ್ಟ್ ಬಿಟ್ಟಿದ್ದರು, ಕುರ್ಚಿ ಖಾಲಿ ಇತ್ತು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿ 205 ರನ್ ಗಳಿಸಿದರು, ಅರ್ಧಶತಕ ಒಂದೇ. ವೆಸ್ಟ್ ಇಂಡೀಸ್ ವಿರುದ್ಧದ ತಂಡ ಪ್ರಕಟಿಸುವಾಗ, ಅವರಿಂದ ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವು ಎಂದು ಆಯ್ಕೆ ಸಮಿತಿ ಅಧ್ಯಕ್ಷ ಅಜಿತ್ ಅಗರ್ಕರ್ ನೇರವಾಗಿಯೇ ಹೇಳಿದರು. ಆ ತಂಡಕ್ಕೆ ಬಂದವರಲ್ಲಿ ಒಬ್ಬರು ದೇವದತ್ತ ಪಡಿಕ್ಕಲ್, ಮತ್ತೆ ಕರ್ನಾಟಕದವರೇ. ಆಸ್ಟ್ರೇಲಿಯಾದ ಎರಡನೇ ಸಾಲಿನ 'ಎ' ತಂಡದ ವಿರುದ್ಧ ಲಖನೌದಲ್ಲಿ ಆಗಷ್ಟೇ 150 ಹೊಡೆದಿದ್ದರು.

ಕರುಣ್ ಕರ್ನಾಟಕಕ್ಕೆ ವಾಪಸ್ ಬಂದರು. ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಔಟಾಗದೆ 174. ಸ್ಕೋರ್ ನೋಡಿದ ತಕ್ಷಣ ಗೆಳೆಯನೊಬ್ಬ ಫೋನ್ ಮಾಡಿದ. "ಈಗಲಾದ್ರೂ ತಗೋತಾರಾ?" ನಾನು ಕೇಳಿದೆ, "ಯಾರ ಜಾಗಕ್ಕೆ?"